ಮನೆಯವರ ಧ್ವನಿಯ ಮುದ್ರಣ: ಮೈಕು ಮತ್ತು ಹೆಡ್‌ಫೋನಿನ ಆಯ್ಕೆ

ಅಜ್ಜಿಯ ಬಾಯಲ್ಲಿರುವ ಹಸೆಹಾಡುಗಳನ್ನೂ ತಾತನವರು ಹೇಳುವ ಊರಿನ ಹಳೆಯ ಸಂಗತಿಗಳನ್ನೂ ಮನೆಯಲ್ಲಿಯೇ ಮುದ್ರಿಸಿಡಬೇಕೆಂಬ ಆಸೆಯು ಈಗ ಅನೇಕ ಕುಟುಂಬಗಳಲ್ಲಿ ಹುಟ್ಟಿರುವುದು ಸಂತೋಷದ ವಿಷಯವು. ಇದಕ್ಕೆ ಯಾವ ಮೈಕನ್ನು ಕೊಳ್ಳಬೇಕು, ಹೆಡ್‌ಫೋನು ಅವಶ್ಯವೆ, ಹೆಚ್ಚು ಹಣವಿಲ್ಲದವರು ಏನು ಮಾಡಬೇಕು ಎಂದು ವಾಚಕರಲ್ಲನೇಕರು ಕೇಳಿರುವುದರಿಂದ ಈ ತಿಂಗಳ ಅಂಕಣವನ್ನು ಆ ವಿಚಾರಕ್ಕೇ ಮೀಸಲಿಡುವೆವು. ಮನೆಯೊಳಗಿಂದ ಇಂತಹ ಕಾರ್ಯಕ್ಕೆ ಕೈಹಾಕುವುದು ನಮ್ಮ ನಾಡಿಗೆ ಹೊಸದಲ್ಲ. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಸ್ವಂತ ಮನೆಯಿಂದಲೇ ರೇಡಿಯೋ ಪ್ರಸಾರವನ್ನು ಆರಂಭಿಸಿದರು. ಅಂದಿನ ಸಲಕರಣೆಗಳು ಸಾಮಾನ್ಯ ಗೃಹಸ್ಥರಿಗೆ ಎಟುಕುವಂತಹವಲ್ಲ. ಇಂದಾದರೋ ಮುದ್ರಣಯಂತ್ರವು ಮೊಬೈಲಿನ ರೂಪದಲ್ಲಿ ಎಲ್ಲರ ಕೈಯಲ್ಲಿದೆ. ಆದರೂ ಎಂಬತ್ತು ದಾಟಿದವರ ಕಂಠವು ಮುಂದಿನ ವರ್ಷಕ್ಕೂ ಹೀಗೆಯೇ ಇರುವುದೆಂದು ಯಾರೂ ಹೇಳಲಾರರಾದ್ದರಿಂದ, ಮೊದಲ ಸಲವೇ ಮುದ್ರಣವು ಚೆನ್ನಾಗಿ ಬರುವಂತೆ ನೋಡಿಕೊಳ್ಳುವುದು ಲೇಸು.

ಕೊಳ್ಳುವ ಮಾತಿಗೆ ಮುಂಚೆ ಕೂರುವ ಮಾತು. ಮನೆಯ ಮುದ್ರಣಗಳು ಕೆಡುವುದು ಬಹುಮಟ್ಟಿಗೆ ಮೈಕು ದೂರವಿರುವುದರಿಂದ. ಬಾಯಿಗೂ ಮೈಕಿಗೂ ಇರುವ ಅಂತರವನ್ನು ಒಂದು ಮೊಳದಿಂದ ಒಂದು ಗೇಣಿಗೆ ಇಳಿಸಿದರೆ, ಅಂದರೆ ಅರ್ಧಮಾಡಿದರೆ, ಮಾತಿನ ಮಟ್ಟವು ಸುಮಾರು 6 ಡೆಸಿಬೆಲ್ ಏರುವುದು. ಫ್ಯಾನಿನ ಸದ್ದೂ ಗೋಡೆಯಿಂದ ಮರಳಿಬರುವ ದನಿಯೂ ಇದ್ದಷ್ಟೇ ಇರುವುವು. ಕಾಸು ಖರ್ಚಿಲ್ಲದೆ ದೊರೆಯುವ ಈ ಲಾಭಕ್ಕೆ ಸಮನಾದುದನ್ನು ಯಾವ ಅಂಗಡಿಯವನೂ ಮಾರಲಾರನು. ಹಾಗೆಯೇ, ನುಣುಪಾದ ಕಲ್ಲುನೆಲ ಮತ್ತು ಬರಿಗೋಡೆಗಳ ನಡುಮನೆಗಿಂತ ಹಾಸಿಗೆ, ಕಂಬಳಿ, ಬಟ್ಟೆಯ ಬೀರುಗಳಿಂದ ತುಂಬಿದ ಮಲಗುವ ಕೋಣೆಯು ಎಷ್ಟೋ ಮೇಲು. ಮೊಟ್ಟೆಯ ತಟ್ಟೆಗಳನ್ನು ಗೋಡೆಗೆ ಅಂಟಿಸಿದರೆ ಹೊರಗಿನ ಸದ್ದು ನಿಲ್ಲುವುದೆಂದು ಕೆಲವರು ನಂಬಿರುವರು. ಅದು ನಿಲ್ಲುವುದಿಲ್ಲ, ಗೋಡೆ ವಿಕಾರವಾಗುವುದಷ್ಟೆ. ಫ್ಯಾನನ್ನು ಆರಿಸಿ, ಕುಕ್ಕರಿನ ಕೂಗು ಮುಗಿದ ಮೇಲೆ, ಮಧ್ಯಾಹ್ನದ ಊಟವಾದ ನಂತರದ ಹೊತ್ತಿನಲ್ಲಿ ಕುಳಿತರೆ ಅರ್ಧ ಕೆಲಸವಾದಂತೆ. ಮಳೆಗಾಲದಲ್ಲಿ ಮಲೆನಾಡಿನ ಹೆಂಚಿನ ಮನೆಯವರು ಮಳೆ ಬಿಡುವವರೆಗೂ ಕಾಯಬೇಕಾಗಿ ಬರುವುದು.

ಇನ್ನು ಮೈಕಿನ ವಿಚಾರ. ಇದರಲ್ಲಿ ಮುಖ್ಯವಾಗಿ ಎರಡು ಜಾತಿಗಳುಂಟು. ಕಂಡೆನ್ಸರ್ ಎಂಬುದು ಬಹು ಸೂಕ್ಷ್ಮವಾದುದು; ಸಣ್ಣ ಉಸಿರನ್ನೂ ಹಿಡಿಯುವುದು, ಅದರೊಡನೆ ಬೀದಿಯ ಆಟೋವನ್ನೂ ನೆರೆಮನೆಯ ಮಿಕ್ಸಿಯನ್ನೂ ಹಿಡಿಯುವುದು. ಸದ್ದಡಗಿಸಿದ ಸ್ಟುಡಿಯೋದಲ್ಲಿ ಗುಣವಾದುದೇ ನಮ್ಮ ಮನೆಗಳಲ್ಲಿ ದೋಷವಾಗಿ ಪರಿಣಮಿಸುವುದು. ಡೈನಮಿಕ್ ಎಂಬುದು ಅಷ್ಟು ಸೂಕ್ಷ್ಮವಲ್ಲ. ಹತ್ತಿರ ಕುಳಿತು ಮಾತಾಡಿದವರ ಧ್ವನಿಯನ್ನು ಮುಂದಿಟ್ಟು ದೂರದ ಗದ್ದಲವನ್ನು ಹಿಂದೆ ಸರಿಸುವುದು. ಸಭೆಗಳಲ್ಲಿ ಕೈಯಲ್ಲಿ ಹಿಡಿಯುವ ಮೈಕುಗಳು ಬಹುತೇಕ ಈ ಜಾತಿಯವು. 1966ರಲ್ಲಿ ಬಂದ ಶೂರ್ ಕಂಪನಿಯ ಎಸ್‌ಎಂ58 ಇಂದಿಗೂ ಬಳಕೆಯಲ್ಲಿದೆ. ಗದ್ದಲದ ಮನೆಯವರು ಡೈನಮಿಕ್ಕನ್ನೇ ಕೊಳ್ಳತಕ್ಕುದೆಂಬುದು ನಮ್ಮ ಅಭಿಪ್ರಾಯ. ಅದರಲ್ಲಿಯೂ ಯುಎಸ್‌ಬಿ ತಂತಿಯಿಂದ ನೇರವಾಗಿ ಕಂಪ್ಯೂಟರಿಗೆ ಸೇರುವ ಸ್ಯಾಮ್ಸನ್ ಕ್ಯೂ2ಯು, ಆಡಿಯೋ-ಟೆಕ್ನಿಕಾ ಎಟಿಆರ್2100ಎಕ್ಸ್ ಮೊದಲಾದವುಗಳಿಗೆ ಬೇರೆ ಯಂತ್ರದ ಹಂಗಿಲ್ಲ. ಹೆಡ್‌ಫೋನನ್ನು ಮೈಕಿಗೇ ಸಿಕ್ಕಿಸಬಹುದು. ಕಬ್ಬಿಣದ ತೋಳು, ಜಾಲರಿ, ಸ್ಪಂಜು ಎಲ್ಲವನ್ನೂ ಸೇರಿಸಿ ಅಗ್ಗಕ್ಕೆ ಮಾರುವ ಕಂಡೆನ್ಸರ್ ಕಟ್ಟುಗಳನ್ನು ನೋಡಿ ಮರುಳಾಗಬಾರದು. ಸ್ಟುಡಿಯೋ ಬಗೆಯ ಕಂಡೆನ್ಸರಿಗೆ ಸಾಧಾರಣವಾಗಿ 48 ವೋಲ್ಟಿನ ವಿದ್ಯುತ್ತನ್ನು ಊಡಬೇಕು; ಕಂಪ್ಯೂಟರಿನ ಸಣ್ಣ ರಂಧ್ರದಿಂದ ಅದು ದೊರೆಯದು.

ಇಷ್ಟೂ ಹಣವಿಲ್ಲದವರು ಚಿಂತಿಸಬೇಕಾಗಿಲ್ಲ. ಸೆರಗಿಗೋ ಅಂಗಿಗೋ ಸಿಕ್ಕಿಸುವ ಪುಟ್ಟ ಕ್ಲಿಪ್ ಮೈಕು, ಉದಾಹರಣೆಗೆ ಬೋಯಾ ಬಿವೈ-ಎಂ1, ಸುಮಾರು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಕ್ಕುವುದು. ಇದರೊಳಗಿರುವುದೂ ಕಂಡೆನ್ಸರಿನ ಒಂದು ಬಗೆಯೇ; ಆದರೆ 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ಎಂಬವರು ರೂಪಿಸಿದ ಎಲೆಕ್ಟ್ರೆಟ್ ಮೈಕಿನ ವಂಶದ್ದಾದುದರಿಂದ ಅತ್ಯಲ್ಪ ವಿದ್ಯುತ್ತಿನಲ್ಲಿ ನಡೆಯುವುದು. ವಯಸ್ಸಾದವರಿಗೆ ನಾವು ಇದನ್ನೇ ಹೆಚ್ಚು ಮೆಚ್ಚುವೆವು. ಎದುರಿಗೆ ಮೈಕಿನ ಕಂಬ ನಿಲ್ಲಿಸಿದೊಡನೆ ಹಾಡೇ ಮರೆತುಹೋಗುವ ಅಜ್ಜಿಯರು, ಕ್ಲಿಪ್ಪಿನ ಮೈಕನ್ನು ಐದು ನಿಮಿಷದಲ್ಲಿ ಮರೆತು ಅಕ್ಕಿ ಆರಿಸುತ್ತಲೇ ಹಾಡಿಬಿಡುವರು. ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿರಿ. ಕರಿಮಣಿ ಸರವು ಅದಕ್ಕೆ ತಾಗದಂತೆ ನೋಡಿಕೊಳ್ಳಿರಿ. ರೇಷ್ಮೆಗಿಂತ ಹತ್ತಿಯ ಸೀರೆಯು ಮೇಲು, ರೇಷ್ಮೆಯ ಸರಬರ ಸದ್ದು ಮುದ್ರಣದಲ್ಲಿ ಬಿರುಗಾಳಿಯಂತೆ ಕೇಳಿಸುವುದು. ಈಗಿನ ಅನೇಕ ಮೊಬೈಲುಗಳಲ್ಲಿ ಹಳೆಯ ಗುಂಡು ರಂಧ್ರವಿಲ್ಲವಾದ್ದರಿಂದ, ಅಂಗಡಿಯಲ್ಲಿಯೇ ನಿಮ್ಮ ಮೊಬೈಲಿಗೆ ಸೇರಿಸಿ ಪರೀಕ್ಷಿಸಿ ಕೊಳ್ಳುವುದು ಒಳ್ಳೆಯದು.

ಕನ್ನಡದ ಮಹಾಪ್ರಾಣಗಳಿಗೆ ಒಂದು ಎಚ್ಚರಿಕೆ ಬೇಕು. ಭ, ಫ ಮೊದಲಾದ ಅಕ್ಷರಗಳಲ್ಲಿಯೂ ಒತ್ತಿ ಹೇಳಿದ ಪಕಾರದಲ್ಲಿಯೂ ಬಾಯಿಂದ ಹೊರಡುವ ಗಾಳಿಯು ಮೈಕಿಗೆ ಬಡಿದು ‘ಧಬ್’ ಎಂದು ಕೇಳಿಸುವುದು. ಮೈಕನ್ನು ಬಾಯಿಯ ನೇರಕ್ಕಿಡದೆ ತುಸು ಓರೆಗಿಟ್ಟರೆ ಗಾಳಿ ಪಕ್ಕಕ್ಕೆ ಹೋಗುವುದು, ಧ್ವನಿ ಮಾತ್ರ ತಲುಪುವುದು.

ಹೆಡ್‌ಫೋನನ್ನು ಜನರು ಅಲಂಕಾರವೆಂದೆಣಿಸುವರು. ಮುದ್ರಿಸುವವರಿಗೆ ಅದೇ ಕಣ್ಣು. ನಮ್ಮ ಕಿವಿಯು ಅಭ್ಯಾಸದಿಂದ ಫ್ರಿಜ್ಜಿನ ಗುಂಯ್ ಸದ್ದನ್ನು ಬಿಟ್ಟು ಕೇಳುವುದು. ಮೈಕಿಗೆ ಆ ದಾಕ್ಷಿಣ್ಯವಿಲ್ಲ. ಆದಕಾರಣ ಮೈಕು ಏನನ್ನು ಕೇಳುತ್ತಿದೆಯೋ ಅದನ್ನೇ ನೀವೂ ಕೇಳಬೇಕು. ಕಿವಿಯನ್ನು ಪೂರ್ತಿ ಮುಚ್ಚುವ, ತಂತಿಯುಳ್ಳ ಹೆಡ್‌ಫೋನನ್ನೇ ಆರಿಸತಕ್ಕುದು. ತೆರೆದ ಬಗೆಯದಾದರೆ ಅದರ ಸದ್ದು ಸೋರಿ ಮತ್ತೆ ಮೈಕನ್ನು ಸೇರುವುದು. ತಂತಿಯಿಲ್ಲದ ಬ್ಲೂಟೂತಿನಲ್ಲಿ ಧ್ವನಿಯು ತಡವಾಗಿ ತಲುಪುವುದರಿಂದ ಅದು ಈ ಕೆಲಸಕ್ಕೆ ಒದಗದು. ಸಿನಿಮಾ ಹಾಡಿಗೆಂದು ಗುಡುಗನ್ನು ಹೆಚ್ಚಿಸಿ ಮಾಡಿದ ಹೆಡ್‌ಫೋನುಗಳು ಸಣ್ಣ ಕಂಠವನ್ನೂ ತುಂಬುಕಂಠವೆಂದು ತೋರಿಸಿ ಮೋಸಮಾಡುವುವು. ಆಡಿಯೋ-ಟೆಕ್ನಿಕಾ ಎಂ20ಎಕ್ಸ್ ನಂತಹುದು ಸಾಕು. ಅದರ 47 ಓಮ್ ರೋಧವನ್ನು ಸಾಮಾನ್ಯ ಯಂತ್ರಗಳು ಸುಲಭವಾಗಿ ನಡೆಸುವುವು. 1991ರಿಂದ ಸ್ಟುಡಿಯೋಗಳಲ್ಲಿ ಹೆಸರಾಗಿರುವ ಸೋನಿ ಎಂಡಿಆರ್-7506 ಇನ್ನೂ ಸೊಗಸು, ಆದರೆ ಮೊದಲ ಖರ್ಚಿಗೆ ಅದು ಬೇಡ. ಹೆಡ್‌ಫೋನನ್ನು ಮುದ್ರಿಸುವವರು ತೊಡಬೇಕು, ಹಾಡುವ ಹಿರಿಯರಿಗೆ ತೊಡಿಸಬಾರದು. ತಮ್ಮ ಧ್ವನಿಯನ್ನೇ ಕೇಳಿಕೊಂಡರೆ ಅವರಿಗೆ ಸಂಕೋಚವಾಗುವುದು.

ಧ್ವನಿಯ ಮಟ್ಟವನ್ನು ತೋರಿಸುವ ಗೆರೆಯು ಗಟ್ಟಿಯಾಗಿ ಹಾಡಿದಾಗಲೂ –12 ಡೆಸಿಬೆಲ್ಲಿನ ಸಮೀಪದಲ್ಲಿ ನಿಲ್ಲುವಂತಿರಲಿ. ಸಣ್ಣದಾದ ಧ್ವನಿಯನ್ನು ಆಮೇಲೆ ಏರಿಸಬಹುದು. ಮಿತಿ ಮೀರಿ ಒಡೆದ ಧ್ವನಿಯನ್ನು ಸರಿಪಡಿಸುವುದು ದುಸ್ಸಾಧ್ಯ. ವೇವ್ ರೂಪದಲ್ಲಿ, 48 ಕಿಲೋಹರ್ಟ್ಸ್, 24 ಬಿಟ್, ಒಂದೇ ವಾಹಿನಿಯಲ್ಲಿ ಮುದ್ರಿಸಿದರೆ ಗಂಟೆಗೆ ಸುಮಾರು 518 ಮೆಗಾಬೈಟ್ ಜಾಗ ಬೇಕಾಗುವುದು. ಅದು ಈಗ ದೊಡ್ಡದಲ್ಲ.

ಕಡೆಗೆ ಹೆಸರಿನ ಮಾತು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮೋಫೋನ್ ಕಂಪನಿಗಾಗಿ ಹಾಡಿದ ಗೌಹರ್ ಜಾನ್ ಅವರು ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ತಟ್ಟೆಗಳು ಜರ್ಮನಿಯಲ್ಲಿ ತಯಾರಾಗುತ್ತಿದ್ದುದರಿಂದ ಅಲ್ಲಿಯವರಿಗೆ ಹಾಡಿದವರು ಯಾರೆಂದು ತಿಳಿಯಬೇಕಾಗಿತ್ತು. ಆಕೆ 1930ರಲ್ಲಿ ನಮ್ಮ ಮೈಸೂರಿನಲ್ಲಿಯೇ ಕಾಲವಾದರು. ಆ ಹೆಸರು ತಟ್ಟೆಯಲ್ಲಿ ಇಂದಿಗೂ ಕೇಳಿಸುತ್ತದೆ. ನಿಮ್ಮ ಮನೆಯ ಹಿರಿಯರಿಂದಲೂ ಹಾಡಿಗೆ ಮೊದಲು ಅವರ ಹೆಸರು, ತವರೂರು, ಹಾಡನ್ನು ಯಾರಿಂದ ಕಲಿತರೆಂಬುದು, ಅಂದಿನ ತಾರೀಖು, ಇಷ್ಟನ್ನು ಹೇಳಿಸಿರಿ. ಮುಗಿದ ದಿನವೇ ಅದರ ಎರಡು ಪ್ರತಿಗಳನ್ನು ಮಾಡಿ, ಒಂದನ್ನು ಬೇರೆ ಊರಿನಲ್ಲಿರುವ ಮಗಳ ಮನೆಗೋ ತಮ್ಮನ ಮನೆಗೋ ಕಳುಹಿಸಿರಿ.