ಬದುಕಿ ಬಂದವರ ಮಾತು

ಹೊಳೆನರಸೀಪುರಕ್ಕೂ ಅರಕಲಗೂಡಿಗೂ ನಡುವೆ ಇರುವ ನಮ್ಮೂರಿನಲ್ಲಿ ಬೆಳಗ್ಗೆ ಆರೂವರೆಗೆಲ್ಲ ಹಾಲಿನ ಡೈರಿ ಮುಂದೆ ಜನ ಸೇರಿರುತ್ತಾರೆ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತ ನನ್ನ ಚಿಕ್ಕಪ್ಪ ಎರಡು ವರ್ಷದಿಂದ ಒಂದೇ ಕಥೆ ಹೇಳುತ್ತಿದ್ದಾರೆ. "ಎದೆ ಮೇಲೆ ರಾಗಿ ಮೂಟೆ ಇಟ್ಟಂಗಾಯ್ತು ಕಣಪ್ಪ. ಚುಚ್ಚಲಿಲ್ಲ, ಅದುಮ್ತು. ಆಮೇಲೆ ಎಡಗೈ ಸೋತು ಹೋಯ್ತು, ದವಡೆ ಬಿಗೀತು. ಬನೀನು ಹಿಂಡಿದ್ರೆ ನೀರು ಬರೋ ಹಂಗೆ ಬೆವ್ತೆ." ಹೇಳುವಾಗ ಬಲಗೈ ಮುಷ್ಟಿ ಕಟ್ಟಿ ಎದೆಗೂಡಿನ ನಡುಮಧ್ಯೆ ಇಟ್ಟುಕೊಳ್ಳುತ್ತಾರೆ. ಹೃದಯ ಎಡಗಡೆ ಇರುತ್ತದೆ ಎಂದು ನಂಬಿದ್ದವರೆಲ್ಲ ಆ ಮುಷ್ಟಿಯನ್ನೇ ನೋಡುತ್ತಾರೆ.

ಇದೇ ಲಕ್ಷಣಗಳನ್ನು ಬರೆದ ಫಲಕಗಳು ಆಸ್ಪತ್ರೆಗಳ ಗೋಡೆ ಮೇಲೂ ಇರುತ್ತವೆ. ಎದೆನೋವು, ಬೆವರುವಿಕೆ, ಉಸಿರಾಟದ ತೊಂದರೆ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಅದನ್ನು ನಿಂತು ಓದಿದವರನ್ನು ನಾನು ನೋಡಿದ್ದು ಕಡಿಮೆ. ಡೈರಿ ಸಾಲಿನ ಮಾತು ಮಾತ್ರ ಊರಿನ ನಲವತ್ತು ಮನೆಗೆ ಮುಟ್ಟಿದೆ. ಆರೋಗ್ಯದ ವಿಷಯವನ್ನು ನಾವು ಯಾರ ಬಾಯಿಂದ ಕೇಳಿದರೆ ನಂಬುತ್ತೇವೆ ಎಂಬ ಪ್ರಶ್ನೆ ನನ್ನನ್ನು ಹಿಡಿದದ್ದು ಹೀಗೆ. ವೈದ್ಯರು ಬೇಕು, ಆಸ್ಪತ್ರೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಯಿಲೆಯಿಂದ ಎದ್ದು ಬಂದವರ ಅನುಭವವನ್ನೂ ಔಷಧಿಯಷ್ಟೇ ಜೋಪಾನವಾಗಿ ಬಳಸಿಕೊಳ್ಳಬೇಕು, ಅದನ್ನು ನಾವು ವೃಥಾ ಚೆಲ್ಲುತ್ತಿದ್ದೇವೆ ಎಂಬುದು ನನ್ನ ವಾದ.

2025ರ ಮೇ, ಜೂನ್ ತಿಂಗಳನ್ನು ಹಾಸನ ಜಿಲ್ಲೆಯವರು ಮರೆಯುವುದಿಲ್ಲ. ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಹೋದರು ಎಂಬ ಸುದ್ದಿ ದಿನಕ್ಕೊಂದು ಫೋಟೋ ಸೇರಿಸಿಕೊಂಡು ಬೆಳೆಯಿತು. ಅದರಲ್ಲಿ ಚಿಕ್ಕ ಪ್ರಾಯದವರೂ ಇದ್ದರು. ಜುಲೈ ಮೊದಲ ವಾರದಲ್ಲಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲು ನಿಂತರು. ಕೋವಿಡ್ ಲಸಿಕೆಯೇ ಕಾರಣ ಎಂಬ ಗುಲ್ಲೂ ಎದ್ದಿತು. ಸರ್ಕಾರ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ನೇಮಿಸಿತು. ಸಮಿತಿ ಆ ಎರಡು ತಿಂಗಳ 24 ಸಾವುಗಳನ್ನು ಒಂದೊಂದಾಗಿ ನೋಡಿ, ನಾಲ್ಕಕ್ಕೆ ಕಾರಣ ಹೃದಯವಲ್ಲ, ಉಳಿದ 20 ಹೃದಯಕ್ಕೆ ಸಂಬಂಧಿಸಿದವು, ಜಿಲ್ಲೆಯಲ್ಲಿ ಇಂಥ ಸಾವು ಅಸಹಜವಾಗಿ ಏರಿಲ್ಲ ಎಂದಿತು. ಬೀಡಿ ಸಿಗರೇಟು, ಕುಡಿತ, ಬೊಜ್ಜು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇವೇ ಹಳೆಯ ಕಾರಣಗಳು ಮತ್ತೆ ಕಾಣಿಸಿದವು. ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ಇನ್ನು ಮುಂದೆ ವರದಿ ಮಾಡಬೇಕೆಂದು ಸರ್ಕಾರ ತೀರ್ಮಾನಿಸಿತು. ಒಳ್ಳೆಯ ತೀರ್ಮಾನವೇ.

ಆದರೆ ಅದೇ ಎರಡು ತಿಂಗಳಲ್ಲಿ ಎದೆ ಹಿಡಿದುಕೊಂಡು ತಾಲ್ಲೂಕು ಆಸ್ಪತ್ರೆಗೆ ಬಂದು, ಬದುಕಿ ಮನೆಗೆ ಹೋದವರೂ ಇದ್ದರಲ್ಲ? ಅವರ ಫೋಟೋ ಎಲ್ಲೂ ಬರಲಿಲ್ಲ. ಹಾಗಾಗಿ ನಮ್ಮ ಜನಕ್ಕೆ ಭಯವೇನೋ ಸಿಕ್ಕಿತು, ದಾರಿ ಸಿಗಲಿಲ್ಲ. ದಾರಿ ಗೊತ್ತಿಲ್ಲದ ಭಯ ಮನುಷ್ಯನನ್ನು ಮೈಸೂರಿನ ಸಾಲಿಗೆ ಓಡಿಸುತ್ತದೆ. ಅಲ್ಲಿ ಇಸಿಜಿ ಮಾಡಿಸಿ "ನಾರ್ಮಲ್" ಎಂದು ಬರೆಸಿಕೊಂಡು ಬಂದವನು ಆ ಕಾಗದವನ್ನು ದೇವರ ಪಟದ ಹಿಂದೆ ಇಟ್ಟು ನಿಶ್ಚಿಂತನಾಗುತ್ತಾನೆ. ಸುಮ್ಮನೆ ಮಲಗಿದ್ದಾಗ ತೆಗೆದ ಇಸಿಜಿ ಆ ಗಳಿಗೆಯ ಮಾತನ್ನಷ್ಟೇ ಹೇಳುತ್ತದೆ. ರಕ್ತನಾಳ ಒಳಗೊಳಗೇ ಕಿರಿದಾಗುತ್ತಿದ್ದರೂ ಅದರಲ್ಲಿ ಕಾಣದೆ ಹೋಗಬಹುದು. ಆ ಕಾಗದಕ್ಕಿಂತ, ನೋವು ಬಂದ ದಿನ ಮೊದಲು ಎಲ್ಲಿಗೆ ಹೋಗಬೇಕು ಎಂಬ ತಿಳಿವಳಿಕೆ ಅವನಿಗೆ ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು.

ನಮ್ಮಲ್ಲಿ ಈ "ಮೊದಲು ಎಲ್ಲಿಗೆ" ಎಂಬುದೇ ದೊಡ್ಡ ತೊಡಕು. ಎದೆ ಹಿಡಿದರೆ ಮೊದಲ ಉತ್ತರ ಗ್ಯಾಸ್ಟ್ರಿಕ್. ರಾತ್ರಿ ಬಾಡೂಟ ಆಗಿತ್ತು, ಅವರೆಕಾಳು ಸಾರು ಜಾಸ್ತಿ ಆಯ್ತು, ಹೊತ್ತಿಗೆ ಸರಿಯಾಗಿ ಉಣ್ಣಲಿಲ್ಲ, ಹೀಗೆ ಕಾರಣಕ್ಕೇನೂ ಬರವಿಲ್ಲ. ಒಂದು ಸೋಡಾ, ಒಂದು ಲೋಟ ಜೀರಿಗೆ ಕಷಾಯ, ಮೆಡಿಕಲ್ ಶಾಪಿನಿಂದ ಒಂದು ಗ್ಯಾಸಿನ ಮಾತ್ರೆ. ಇಷ್ಟಾಗುವಷ್ಟರಲ್ಲಿ ಎರಡು ಗಂಟೆ ಕಳೆದಿರುತ್ತದೆ. ಎರಡನೆಯ ಉತ್ತರ ಇನ್ನೂ ದುಬಾರಿ: "ಇಲ್ಲಿ ಏನೂ ಇಲ್ಲ, ನೇರ ಹಾಸನಕ್ಕೆ ಹೋಗಿ." ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಯಾವುದರಿಂದ ಹೊರಟರೂ ಹಾಸನ ಮೂವತ್ತು ನಲವತ್ತು ಕಿಲೋಮೀಟರು ದೂರ. ಹಳ್ಳಿಯಿಂದ ಕಾರು ಹುಡುಕುವ ಹೊತ್ತು, ರೈಲ್ವೆ ಗೇಟು, ಸಂತೆ ದಿನದ ಜನ, ಎಲ್ಲವನ್ನೂ ಕೂಡಿಸಿಕೊಳ್ಳಿ.

ಹೃದಯಕ್ಕೆ ರಕ್ತ ಕೊಡುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಕೂತರೆ ಅದರ ಆಚೆಗಿನ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್ 12 ಗಂಟೆಯೊಳಗೆ ಕೊಟ್ಟರೂ ಪ್ರಯೋಜನವಿದೆ, ಆದರೆ ಮೊದಲ ಎರಡು ಮೂರು ಗಂಟೆಯಲ್ಲಿ ಕೊಟ್ಟಾಗ ಉಳಿಯುವಷ್ಟು ಸ್ನಾಯು ಆಮೇಲೆ ಉಳಿಯುವುದಿಲ್ಲ. ಟೆನೆಕ್ಟೆಪ್ಲೇಸ್ ಎಂಬ ಈ ಔಷಧಿ ಹೊರಗೆ ಹತ್ತಾರು ಸಾವಿರ ರೂಪಾಯಿ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ 2023ರಲ್ಲಿ ಬಂದ ಹೃದಯ ಜ್ಯೋತಿ ಯೋಜನೆ ಅದನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡಲು ಶುರು ಮಾಡಿ, ತಾಲ್ಲೂಕುಗಳ ಕಡೆಗೆ ವಿಸ್ತರಿಸುತ್ತಾ ಬಂತು. ಇಲ್ಲಿ ತೆಗೆದ ಇಸಿಜಿ ದೊಡ್ಡಾಸ್ಪತ್ರೆಯ ತಜ್ಞರಿಗೆ ಹೋಗುತ್ತದೆ. ಅವರು ನೋಡಿ ಹೌದು ಎಂದರೆ ಇಲ್ಲಿಯ ಡಾಕ್ಟರು ಇಂಜೆಕ್ಷನ್ ಕೊಟ್ಟು, ಆಮೇಲೆ ಆಂಬುಲೆನ್ಸಿನಲ್ಲಿ ಮುಂದಕ್ಕೆ ಕಳಿಸುತ್ತಾರೆ. ಇಂಥ ತಾಲ್ಲೂಕು ಆಸ್ಪತ್ರೆಯ ಗೇಟಿನ ಮುಂದೆಯೇ ಕಾರು ಹಾದು ಹಾಸನದ ಕಡೆಗೆ ಓಡುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ನಂಬಿಕೆ ಬೋರ್ಡಿನಿಂದ ಹುಟ್ಟುವುದಿಲ್ಲ. ಹಾಸನದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯನ್ನು ಹಳಬರು ಈಗಲೂ "ಮಿಷನ್ ಆಸ್ಪತ್ರೆ" ಎಂದೇ ಕರೆಯುತ್ತಾರೆ. ನೂರು ವರ್ಷ ದಾಟಿದ ಆ ಆಸ್ಪತ್ರೆಗೆ ಹೆಸರು ಬಂದದ್ದು "ನನ್ನ ಬಾಣಂತನ ಅಲ್ಲೇ ಆಯ್ತು" ಎಂದು ಅಜ್ಜಿ ಮಗಳಿಗೆ, ಮಗಳು ಸೊಸೆಗೆ ಹೇಳಿದ್ದರಿಂದ. 2006ರಲ್ಲಿ ಬಂದ ಹಾಸನದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಕಡೆಗೆ ಜನ ತಿರುಗಿದ್ದರ ಹಿಂದೆಯೂ ಇಂಥ ಮಾತುಗಳೇ ಇರಬೇಕು. ತಾಲ್ಲೂಕು ಆಸ್ಪತ್ರೆಯ ಬಗ್ಗೆ ಮಾತ್ರ ನಾವು ಕೇಳುವುದು ದೂರು. ದೂರು ಹೇಳಬೇಕಾದಲ್ಲಿ ಹೇಳಲೇಬೇಕು. ಡಾಕ್ಟರಿಲ್ಲದ ರಾತ್ರಿ, ಕೆಟ್ಟು ಕೂತ ಯಂತ್ರ ಇವನ್ನು ಮುಚ್ಚಿಡುವುದು ಪಾಪ. ಅಲ್ಲಿ ಬದುಕಿದವನು ಬಾಯಿ ಮುಚ್ಚಿಕೊಂಡಿದ್ದರೆ ಅದೂ ಅಷ್ಟೇ ನಷ್ಟ.

ಚಿಕ್ಕಪ್ಪನ ವಿಷಯದಲ್ಲಿ ಆದದ್ದು ಹೀಗೆ. ಬೆಳಗ್ಗೆ ಹತ್ತು ಗಂಟೆಗೆ ನೋವು ಬಂತು. ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದರು. ಅಲ್ಲಿ ಇಸಿಜಿ ಇರಲಿಲ್ಲ. ಗ್ಯಾಸು ಎಂದು ಸೊಂಟಕ್ಕೊಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಮನೆಗೆ ಬಂದು ಮುದ್ದೆ ಮುರಿಯುವಷ್ಟರಲ್ಲಿ ಮತ್ತೆ ಮೂಟೆ ಕೂತಿತು. ಮಗ ಹಾಸನಕ್ಕೆ ಹೊರಡಿಸಿದ. ಚಿಕ್ಕಮ್ಮ ಕಾರಿಗೆ ಅಡ್ಡ ನಿಂತು "ಮೊದ್ಲು ತಾಲ್ಲೂಕ್ ಆಸ್ಪತ್ರೆಗೆ ನಡಿ, ಅಲ್ಲಿ ಪಟ್ಟಿ ತೆಗಿಸು, ಆಮೇಲೆ ಎಲ್ಲಿಗಾದ್ರೂ ಹೋಗು" ಎಂದು ಹಠ ಹಿಡಿದರು. ಪಟ್ಟಿ ಎಂದರೆ ಇಸಿಜಿ. ಎದೆಗೆ ತಣ್ಣನೆ ಜೆಲ್ಲು ಹಚ್ಚಿ, ಕೈಕಾಲಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥವು ಸಿಕ್ಕಿಸಿ, ಗುಲಾಬಿ ಚೌಕಳಿ ಕಾಗದ ಯಂತ್ರದಿಂದ ಈಚೆ ಬರುತ್ತಿದ್ದಾಗ ನರ್ಸಮ್ಮನ ಮುಖ ಬದಲಾದದ್ದನ್ನು ಚಿಕ್ಕಪ್ಪ ಇವತ್ತಿಗೂ ಹೇಳುತ್ತಾರೆ. ಇಂಜೆಕ್ಷನ್ ಅಲ್ಲೇ ಆಯಿತು. ಮರುದಿನ ಮೈಸೂರಿನಲ್ಲಿ ಸ್ಟೆಂಟ್ ಹಾಕಿದರು.

ಇಲ್ಲಿಗೆ ಗುಣವಾಯಿತು ಎಂದುಕೊಳ್ಳುವುದು ಇನ್ನೊಂದು ತಪ್ಪು. ನಿಜವಾದ ಚೇತರಿಕೆ ಡಿಸ್ಚಾರ್ಜ್ ಆದ ಮೇಲೆ, ಯಾವ ಡಾಕ್ಟರೂ ನೋಡದ ಮನೆಯೊಳಗೆ ನಡೆಯುತ್ತದೆ. ಮಾತ್ರೆಗಳ ಮೇಲೆ 1-0-1 ಎಂದು ಬರೆದದ್ದು ಚಿಕ್ಕಮ್ಮನಿಗೆ ತಿಳಿಯಲಿಲ್ಲ. ಅವರು ಮಸಾಲೆ ಡಬ್ಬಿಯೊಂದನ್ನು ತೊಳೆದು, ಬೆಳಗಿನ ಮಾತ್ರೆ ಜೀರಿಗೆಯ ಬಟ್ಟಲಿಗೆ, ರಾತ್ರಿಯದು ಸಾಸಿವೆಯ ಬಟ್ಟಲಿಗೆ ಎಂದು ಗೊತ್ತು ಮಾಡಿಕೊಂಡರು. ಮೂರು ತಿಂಗಳು ಕಳೆದ ಮೇಲೆ ಚಿಕ್ಕಪ್ಪ "ಈಗ ಏನೂ ಇಲ್ವಲ್ಲ, ಮಾತ್ರೆ ಯಾಕೆ?" ಎಂದರು. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುವಾಗಿಸುವ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಬಿಟ್ಟರೆ ಸ್ಟೆಂಟಿನೊಳಗೇ ರಕ್ತ ಮತ್ತೆ ಹೆಪ್ಪುಗಟ್ಟಬಹುದು. ಅದನ್ನು ಅವರಿಗೆ ಅರ್ಥ ಮಾಡಿಸಿದ್ದು ಅದೇ ವಾರ್ಡಿನಲ್ಲಿ ಪಕ್ಕದ ಹಾಸಿಗೆಯಲ್ಲಿದ್ದ ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿ, ಫೋನಿನಲ್ಲಿ. ಬೀಡಿ ಬಿಡಿಸಿದ್ದೂ ಅವರೇ. ರಾಮನಾಥಪುರದ ಹರಾಜು ಕಟ್ಟೆಗೆ ಹೊಗೆಸೊಪ್ಪು ಬೆಳೆದು ಕಳಿಸುವ ಸೀಮೆಯಲ್ಲಿ ಬೀಡಿ ಬಿಡು ಎಂದು ಹೇಳುವುದು ಎಷ್ಟು ಕಷ್ಟ ಎಂಬುದು ಆ ಕಡೆಯವರಿಗೇ ಗೊತ್ತು.

ಹಾಗಾದರೆ ಗುಣವಾದವರು ಹೇಳಿದ್ದೆಲ್ಲ ಸರಿಯೇ? ಇಲ್ಲಿ ಬಹಳ ಹುಷಾರಾಗಿರಬೇಕು. ಬೆಳ್ಳುಳ್ಳಿ, ಶುಂಠಿ, ನಿಂಬೆಹಣ್ಣಿನ ರಸ ಕುದಿಸಿ ಜೇನು ಬೆರೆಸಿ ಕುಡಿದರೆ ಬ್ಲಾಕೇಜ್ ಕರಗುತ್ತದೆ ಎಂಬ ಸಂದೇಶ ನಮ್ಮ ಮೊಬೈಲುಗಳಲ್ಲಿ ವರ್ಷಗಟ್ಟಲೆಯಿಂದ ಸುತ್ತುತ್ತಿದೆ, ಅದರ ಕೆಳಗೂ "ನನಗೆ ಗುಣವಾಯಿತು" ಎಂದೇ ಬರೆದಿರುತ್ತದೆ. ಅದನ್ನು ನಂಬಿ ಮಾತ್ರೆ ಬಿಟ್ಟವರಿದ್ದಾರೆ. ಬದುಕಿ ಬಂದವನಿಗೆ ತಾನು ಯಾತರಿಂದ ಬದುಕಿದೆ ಎಂಬುದು ಗೊತ್ತಿರಬೇಕೆಂದೇನೂ ಇಲ್ಲ. ಹಾಗಾಗಿ ಗೆರೆ ಎಳೆಯಬೇಕು. ನೋವು ಹೇಗಿತ್ತು, ಎಷ್ಟು ಹೊತ್ತು ತಡ ಮಾಡಿದೆ, ಮೊದಲು ಎಲ್ಲಿಗೆ ಹೋದೆ, ಆಮೇಲೆ ಮನೆಯಲ್ಲಿ ಯಾವುದು ಕಷ್ಟವಾಯಿತು, ಇಷ್ಟಕ್ಕೆ ಅವನೇ ಸಾಕ್ಷಿ, ಅವನಿಗಿಂತ ಚೆನ್ನಾಗಿ ಯಾವ ವೈದ್ಯರೂ ಹೇಳಲಾರರು. ಯಾವ ಮಾತ್ರೆ, ಎಷ್ಟು, ಎಲ್ಲಿಯವರೆಗೆ ಎಂಬುದು ಅವನ ಬಾಯಿಯ ಮಾತಲ್ಲ. ಚಿಕ್ಕಪ್ಪ ಡೈರಿ ಮುಂದೆ ಒಮ್ಮೆ ಇನ್ನೊಬ್ಬರಿಗೆ ತಮ್ಮ ಮಾತ್ರೆ ಹಾಳೆ ಹರಿದು ಕೊಡಲು ಹೋದಾಗ ಚಿಕ್ಕಮ್ಮ ಕೈ ತಡೆದರು.

ಈ ಗೆರೆ ಎಳೆದುಕೊಂಡು ಕೆಲಸ ಮಾಡಿದ ಒಂದು ಜಿಲ್ಲೆ ಭೂಮಿಯ ಆ ತುದಿಯಲ್ಲಿದೆ. ಫಿನ್‌ಲೆಂಡಿನ ಉತ್ತರ ಕರೇಲಿಯ. ಅದೂ ನಮ್ಮಂತೆ ಹಸು ಕಟ್ಟಿ ಹಾಲು ಕರೆಯುವ ಸೀಮೆ. ನಡುವಯಸ್ಸಿನ ಗಂಡಸರು ಹೃದಯಾಘಾತದಿಂದ ಸಾಲುಸಾಲಾಗಿ ಸಾಯುತ್ತಿದ್ದುದನ್ನು ತಾಳಲಾರದೆ 1971ರಲ್ಲಿ ಅಲ್ಲಿಯ ಜನರೇ ಸರ್ಕಾರಕ್ಕೆ ಮನವಿ ಕೊಟ್ಟರು. ಮರುವರ್ಷ ಪೆಕ್ಕಾ ಪುಸ್ಕ ಎಂಬ ಯುವ ವೈದ್ಯರ ಮುಂದಾಳತ್ವದಲ್ಲಿ ಕೆಲಸ ಶುರುವಾಯಿತು. ಬೆಣ್ಣೆ, ಉಪ್ಪು, ತಂಬಾಕು ಕಡಿಮೆ ಮಾಡಿಸಬೇಕಿತ್ತು. ಅವರು ಭಾಷಣ ಮಾಡಿ ಸುಮ್ಮನಾಗಲಿಲ್ಲ. ಹಳ್ಳಿಹಳ್ಳಿಯಲ್ಲಿ ಜನ ಮಾತು ಕೇಳುವಂಥ ಸಾಮಾನ್ಯರನ್ನು ಆರಿಸಿ ಅವರಿಗೆ ತಿಳಿವಳಿಕೆ ಕೊಟ್ಟರು. ಮಾರ್ತಾ ಎಂಬ ಗೃಹಿಣಿಯರ ಸಂಘದ ಹೆಂಗಸರು ಕೂಟ ಸೇರಿಸಿ ಬೆಣ್ಣೆ ಕಡಿಮೆ ಹಾಕಿ, ತರಕಾರಿ ಹೆಚ್ಚು ಹಾಕಿ ಅಡುಗೆ ಮಾಡಿ ಬಡಿಸಿದರು. ನಾಲ್ಕು ದಶಕಗಳಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದಯಾಘಾತದ ಸಾವು ಅಲ್ಲಿ ಶೇ 80ಕ್ಕೂ ಹೆಚ್ಚು ಇಳಿಯಿತು. ಇದರಲ್ಲಿ ಹೊಸ ಔಷಧಿಗಳ ಪಾಲೂ ಇದೆ, ಆದರೆ ದೊಡ್ಡ ಪಾಲು ಅಡುಗೆಮನೆಯದು.

ನಮ್ಮಲ್ಲಿ ಅಂಥ ಕೂಟಗಳಿಗೆ ಕೊರತೆಯೇ? ವಾರ ವಾರ ಸೇರುವ ಧರ್ಮಸ್ಥಳ ಸಂಘಗಳಿವೆ, ಸ್ತ್ರೀಶಕ್ತಿ ಸಂಘಗಳಿವೆ, ಡೈರಿಗಳಿವೆ. ಮನೆ ಬಾಗಿಲಿಗೇ ಬಂದು 30 ದಾಟಿದವರ ಬಿ.ಪಿ., ಸಕ್ಕರೆ ನೋಡುವ ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರಿನಲ್ಲಿ ಕೋಲಾರದಿಂದ ಶುರುವಾಗಿದೆ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಬಿ.ಪಿ. ನೋಡಿಸಿಕೊಳ್ಳುವುದಕ್ಕೂ ಹಿಂಜರಿಯುವವರು ನಮ್ಮಲ್ಲಿದ್ದಾರೆ. ಕಾರ್ಯಕರ್ತೆಯ ಜೊತೆ ಊರಿನವರೇ ಒಬ್ಬರು, ಲಕ್ವ ಹೊಡೆದು ಎದ್ದವರೋ ಸ್ಟೆಂಟ್ ಹಾಕಿಸಿಕೊಂಡವರೋ ಹೋದರೆ ಆ ಬಾಗಿಲು ಬೇಗ ತೆರೆಯುತ್ತದೆ. ತಾಲ್ಲೂಕು ಆಸ್ಪತ್ರೆಗಳು ಡಿಸ್ಚಾರ್ಜ್ ಚೀಟಿ ಕೊಡುವಾಗ "ತಿಂಗಳಿಗೊಮ್ಮೆ ಇಲ್ಲಿ ಬಂದು ಒಂದು ಗಂಟೆ ಕೂತು ಹೊಸಬರ ಜೊತೆ ಮಾತಾಡ್ತೀರಾ?" ಎಂದು ಕೇಳಿ, ಒಪ್ಪಿದವರ ಹೆಸರು ಬರೆದುಕೊಳ್ಳಬೇಕು. ಪಕ್ಕದಲ್ಲಿ ಒಬ್ಬ ನರ್ಸ್ ಕೂತಿದ್ದರೆ ಗೆರೆ ದಾಟುವ ಮಾತನ್ನು ಅಲ್ಲೇ ತಿದ್ದಬಹುದು. ಇದಕ್ಕೆ ಕಟ್ಟಡ ಬೇಡ, ಒಂದು ಬೆಂಚು ಸಾಕು.

ಆ ಬೆಂಚಿನ ಮೇಲೆ ಹೆಂಗಸರು ಇರಲೇಬೇಕು. ಹೆಂಗಸರಿಗೂ ಎದೆ ನೋಯುತ್ತದೆ, ಆದರೆ ಅವರಲ್ಲಿ ಬೆನ್ನುನೋವು, ಏದುಸಿರು, ವಾಕರಿಕೆ, ಕಾರಣವಿಲ್ಲದ ಸುಸ್ತು ಹೀಗೆ ಮುಖ ಮರೆಸಿಕೊಂಡು ಬರುವುದೂ ಹೆಚ್ಚು. ಕಳೆ ಕಿತ್ತು ಬಂದ ಸುಸ್ತು ಎಂದು ಗೋಡೆಗೆ ಒರಗಿ ಕೂತವರು ತಮ್ಮ ನೋವನ್ನು ಎಲ್ಲರ ಊಟ ಆದ ಮೇಲೆ ಹೇಳುತ್ತಾರೆ.

ಅವತ್ತು ಚಿಕ್ಕಮ್ಮ ಕಾರಿಗೆ ಅಡ್ಡ ನಿಂತದ್ದು ಯಾಕೆಂದು ನಾನು ಈಚೆಗೆ ಕೇಳಿದೆ. ಮಾತ್ರೆ ಡಬ್ಬಿಯ ಮುಚ್ಚಳ ಹಾಕುತ್ತಾ ಹೇಳಿದರು: "ಸಂಘದ ಮೀಟಿಂಗ್‌ನಲ್ಲಿ ಹೊಳೆಯಾಚೆ ಊರಿನ ಹೆಂಗಸೊಬ್ರು ಬಂದಿದ್ರು. ಅವರ ಯಜಮಾನ್ರಿಗೂ ಗ್ಯಾಸು ಅಂತ್ಲೇ ಇಂಜೆಕ್ಷನ್ ಕೊಟ್ಟಿದ್ರಂತೆ. ಹಾಸನಕ್ಕೆ ಹೋಗ್ತಾ ದಾರೀಲೇ ಹೋಗ್ಬಿಟ್ರಂತೆ. ಕಂತು ಕಟ್ಟಿ ಎದ್ದು ಹೋಗೋವಾಗ ಎಲ್ರಿಗೂ ಕೇಳೋ ಹಂಗೆ ಅಂದ್ರು, ಪಟ್ಟಿ ತೆಗಿಸದೆ ಗ್ಯಾಸು ಅಂದ್ರೆ ನಂಬ್ಬೇಡ್ರಮ್ಮ ಅಂತ. ಅವರ ಹೆಸ್ರೂ ನಾನು ಕೇಳ್ಳಿಲ್ಲ."