ಹಿರಿಯರ ದನಿಗೆ ಯಾವ ಕಾರ್ಡು?



ಆಂಡರ್ಸನ್‌ಪೇಟೆಯ ಕುಟುಂಬವೊಂದರಿಂದ ನಮಗೆ ಪತ್ರ ಬಂದಿದೆ. 2001ರ ಫೆಬ್ರವರಿಯಲ್ಲಿ ಚಿನ್ನದ ಗಣಿ ಮುಚ್ಚುವವರೆಗೂ ಅಲ್ಲಿಯೇ ದುಡಿದು, ಅನಂತರ ಲಿಂಗೈಕ್ಯರಾದ ಹಿರಿಯರು ಹಾಡಿದ ವಚನಗಳ ಹನ್ನೊಂದು ಧ್ವನಿಸುರುಳಿಗಳು ಆ ಮನೆಯಲ್ಲಿವೆ. ಅವನ್ನು ಗಣಕಯಂತ್ರಕ್ಕೆ ಇಳಿಸಬೇಕೆಂಬುದು ಮಕ್ಕಳ ಆಸೆ. ಬಂಧುವೊಬ್ಬರು ತಮ್ಮ ಹಳೆಯ ಸೌಂಡ್ ಬ್ಲಾಸ್ಟರ್ ಕಾರ್ಡು ಕೊಡುವೆನೆಂದಿದ್ದಾರಂತೆ. ಅದು ಹೊಂದುವುದೋ ಇಲ್ಲವೋ ಎಂಬುದು ಪ್ರಶ್ನೆ. ಓಲೆಗರಿ ಓದಿ ಬೆಳೆದವರನ್ನು ಇಂಥದ್ದು ಕೇಳಬಹುದೇ ಎಂಬ ಸಂಕೋಚವನ್ನೂ ಬರೆದಿದ್ದಾರೆ. ಧಾರಾಳವಾಗಿ ಕೇಳಬಹುದು. ಓಲೆಗರಿಗೆ ಹುಳು ಹತ್ತುವಂತೆ ಟೇಪಿಗೆ ಬೂಷ್ಟು ಹತ್ತುತ್ತದೆ.

ಕಾರ್ಡಿನ ಮಾತು ಆಮೇಲೆ. ಮೊದಲು ಮದರ್‌ಬೋರ್ಡನ್ನು ನೋಡತಕ್ಕದ್ದು. ವಿದ್ಯುತ್ ತಂತಿ ಕಳಚಿ ಪೆಟ್ಟಿಗೆಯ ಮುಚ್ಚಳ ತೆರೆದರೆ ಬೋರ್ಡಿನ ಮೇಲೆಯೇ ಅದರ ಹೆಸರು, ಸಂಖ್ಯೆ ಅಚ್ಚಾಗಿರುತ್ತವೆ. 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತನ್ನು ಕಂಡ ಊರಿನವರು ಒಂದು ಮುಚ್ಚಳಕ್ಕೆ ಅಂಜಬೇಕಿಲ್ಲ. ಹಳೆಯ ಕಾರ್ಡುಗಳು ಬಹುಪಾಲು ಪಿಸಿಐ ಎಂಬ ಉದ್ದನೆಯ ಗಾಡಿಗೆ ಮಾಡಿದವು. ಇತ್ತೀಚಿನ ಬೋರ್ಡುಗಳಲ್ಲಿ ಆ ಗಾಡಿಯೇ ಇರುವುದು ಅಪರೂಪ. ಇರುವುದು ಪಿಸಿಐ ಎಕ್ಸ್‌ಪ್ರೆಸ್. ಹೆಸರಿನಲ್ಲಿ ದಾಯಾದಿಗಳಾದರೂ ಒಂದರ ಕಾರ್ಡು ಇನ್ನೊಂದರಲ್ಲಿ ಕೂರದು. ಒತ್ತಿ ಕೂರಿಸಹೋದರೆ ಎರಡೂ ಕೆಡುತ್ತವೆ. ಆದರೆ ಎಕ್ಸ್‌ಪ್ರೆಸ್‌ನ ಚಿಕ್ಕ ಕಾರ್ಡು ಅದೇ ಜಾತಿಯ ದೊಡ್ಡ ಗಾಡಿಯಲ್ಲಿ ಕೂರುತ್ತದೆ. ಈ ಉದಾರತೆಯನ್ನು ಮೆಚ್ಚಬೇಕು.

ಗಾಡಿ ಹೊಂದಿದರೂ ಮುಗಿಯಲಿಲ್ಲ. ಇವರದು ಕಚೇರಿಯಿಂದ ಹರಾಜಿಗೆ ಬಂದ ಕಿರಿದಾದ ಪೆಟ್ಟಿಗೆಯಂತೆ. ಅದಕ್ಕೆ ಲೋ ಪ್ರೊಫೈಲ್ ಎಂಬ ಗಿಡ್ಡ ತಗಡಿನ ಕಾರ್ಡೇ ಬೇಕು. ಕೆಲವು ಕಾರ್ಡುಗಳು ಪ್ರತ್ಯೇಕ ವಿದ್ಯುತ್ ತಂತಿಯನ್ನೂ ಬೇಡುತ್ತವೆ. ಇನ್ನು ಡ್ರೈವರ್ ತಂತ್ರಾಂಶ. ಎಷ್ಟೋ ಹಳೆಯ ಕಾರ್ಡುಗಳಿಗೆ ಈಗಿನ ವಿಂಡೋಸ್‌ಗೆ ಒಪ್ಪುವ ಡ್ರೈವರನ್ನು ತಯಾರಕರು ಕೊಟ್ಟಿಲ್ಲ. ಪುಕ್ಕಟೆಯಾಗಿ ಬಂದುದೆಂದು ಹಿಗ್ಗುವ ಮುನ್ನ ಇದನ್ನು ವಿಚಾರಿಸುವುದು ಲೇಸು.

ಇಷ್ಟು ಹೇಳಿಯೂ ನಾವು ಕೇಳುವುದೊಂದುಂಟು: ಕಾರ್ಡು ಬೇಕೇ? ಬಹುತೇಕ ಮದರ್‌ಬೋರ್ಡುಗಳಲ್ಲಿ ಧ್ವನಿಯ ವ್ಯವಸ್ಥೆ ಅಡಕವಾಗಿಯೇ ಇದೆ. ಹಿಂಬದಿಯಲ್ಲಿ ನೀಲಿ ಬಣ್ಣದ ರಂಧ್ರವಿದ್ದರೆ ಅದೇ ಲೈನ್ ಇನ್. ಕ್ಯಾಸೆಟ್ ಯಂತ್ರದ ತಂತಿ ಸೇರಬೇಕಾದುದು ಅಲ್ಲಿಗೆ. ಗುಲಾಬಿ ಬಣ್ಣದ್ದು ಮೈಕಿಗೆ. ಅದಕ್ಕೆ ಸೇರಿಸಿದರೆ ದನಿ ಒಡೆದು ಕರ್ಕಶವಾಗುತ್ತದೆ; ಹಾಡಿದವರಿಗೆ ಅಪಚಾರವಾದೀತು. ನೀಲಿ ರಂಧ್ರವಿಲ್ಲದಿದ್ದರೆ ಯುಎಸ್‌ಬಿ ತಂತಿಯಿಂದ ಸೇರಿಸುವ ಹೊರಗಿನ ಸಾಧನವೇ ಉತ್ತಮವೆಂಬುದು ನಮ್ಮ ಅಭಿಪ್ರಾಯ. ಮದರ್‌ಬೋರ್ಡಿನ ಗಾಡಿಯ ಗೊಡವೆಯೇ ಇರದು. ಕೊಳ್ಳುವಾಗ ಸ್ಟೀರಿಯೋ ಲೈನ್ ಇನ್ ಇದೆಯೇ ಎಂದು ಕೇಳಿರಿ. ಅತಿ ಅಗ್ಗದವುಗಳಲ್ಲಿ ಮೈಕಿನ ರಂಧ್ರ ಮಾತ್ರವಿರುತ್ತದೆ. ಊರಿನಲ್ಲಿ ಸಿಗದಿದ್ದರೆ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿಬರಬಹುದು. ಬೋರ್ಡಿನ ಸಂಖ್ಯೆ ಬರೆದ ಚೀಟಿ ಜೇಬಿನಲ್ಲಿರಲಿ.

44.1 ಕಿಲೋಹರ್ಟ್ಸ್, 16 ಬಿಟ್‌ನಲ್ಲಿ ಸಂಕುಚಿತಗೊಳಿಸದೆ ಇಳಿಸಿದರೆ ಒಂದು ಗಂಟೆಗೆ ಸುಮಾರು 635 ಎಂಬಿ ಸ್ಥಳ ಬೇಕು. ಜಾಗಕ್ಕೆ ಜಿಪುಣತನ ಬೇಡ. ಸುರುಳಿ ಹಾಕುವ ಮುನ್ನ ಯಂತ್ರದ ಹೆಡ್ ಒರೆಸಿರಿ. ಬೂಷ್ಟು ಹಿಡಿದ ಸುರುಳಿಯನ್ನು ಶುಚಿಗೊಳಿಸದೆ ಓಡಿಸಬೇಡಿರಿ.

ಆ ಹನ್ನೊಂದರಲ್ಲಿ ನಾಲ್ಕರ ಮೇಲೆ ಏನೂ ಬರೆದಿಲ್ಲವೆಂದು ಪತ್ರದಲ್ಲಿದೆ. ಮೊದಲು ಆ ನಾಲ್ಕನ್ನು ಇಳಿಸಿರಿ. ಮನೆಯಲ್ಲಿರುವ ಎಂಬತ್ತನಾಲ್ಕರ ಅಜ್ಜಿಯವರನ್ನು ಕೂರಿಸಿ ಕೇಳಿಸಿರಿ. ಅದು ಯಾವ ಶಿವರಾತ್ರಿಯದು, ಹಿಂದೆ ತಬಲಾ ನುಡಿಸಿದವರು ಯಾರು ಎಂಬುದನ್ನು ಅವರೇ ಹೇಳಬಲ್ಲರು. ಹೇಳಿದ್ದನ್ನು ಅಂದೇ ಬರೆದುಕೊಳ್ಳಿರಿ.