ಸಗಣಿಗೂ ಒಡೆಯರಿದ್ದಾರೆ

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಊರಿನಲ್ಲಿ 1987ರಲ್ಲಿ ಸಗಣಿಯ ಬಲದಿಂದ ಟ್ಯೂಬ್‌ಲೈಟ್ ಹೊತ್ತಿತು. ವಿಜ್ಞಾನಿ ಅಮೂಲ್ಯ ರೆಡ್ಡಿ ಅವರು 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದ ‘ಅಸ್ತ್ರ’ ತಂಡ ಅಲ್ಲಿಗೆ ಮೊದಲು ಹೋಗಿದ್ದು ಒಲೆಗೆ ಸಗಣಿಯ ಗ್ಯಾಸ್ ಕೊಡಲಿಕ್ಕೆ. ಆದರೆ ಊರಿನ ದನಗಳೆಲ್ಲ ಸೇರಿ ಹಾಕುವ ಸಗಣಿ ಅಷ್ಟು ಒಲೆಗಳಿಗೆ ಸಾಲದಾಯಿತು. ತಂಡದವರು ಹಟಕ್ಕೆ ಬೀಳಲಿಲ್ಲ. ಅದೇ ಗ್ಯಾಸನ್ನು 5 ಕಿಲೋವಾಟ್‌ನ ಡೀಸೆಲ್ ಜನರೇಟರಿಗೆ ಹಾಯಿಸಿದರು. ಮನೆಗೆ ಬೆಳಕು ಬಂತು, ಕೊಳವೆಬಾವಿಯ ನೀರು ನಲ್ಲಿಗೆ ಬಂತು.

ಪುರದ ಕತೆಯಲ್ಲಿ ನನಗೆ ಜನರೇಟರಿಗಿಂತ ದೊಡ್ಡದಾಗಿ ಕಾಣುವುದು ತಕ್ಕಡಿ. ಮನೆಯವರು ತಂದ ಸಗಣಿಯನ್ನು ತೂಗಿ, ಕಿಲೋಗೆ 2 ಪೈಸೆಯಂತೆ ಲೆಕ್ಕ ಬರೆಯುತ್ತಿದ್ದರು. ಗ್ಯಾಸ್ ತೆಗೆದ ಮೇಲೆ ಉಳಿದ ಬಗ್ಗಡ ಕೊಟ್ಟವರ ತಿಪ್ಪೆಗೇ ವಾಪಸು. ಗೊಬ್ಬರದ ಸಾರಜನಕ ಗ್ಯಾಸಿನ ಜೊತೆ ಹಾರಿಹೋಗುವುದಿಲ್ಲವಾದ್ದರಿಂದ ರೈತನಿಗೆ ನಷ್ಟವೇನೂ ಇರಲಿಲ್ಲ. 2 ಪೈಸೆ ಏನು ಮಹಾ ಎನ್ನಬಹುದು. ಸಗಣಿ ಹೊತ್ತು ತರುವುದು ಒಂದು ಕೆಲಸ, ಅದಕ್ಕೆ ಕೂಲಿಯುಂಟು ಎಂದು ಆ ಲೆಕ್ಕದ ಪುಸ್ತಕ ಒಪ್ಪಿಕೊಂಡಿತ್ತಲ್ಲ, ಅದು ಮುಖ್ಯ.

ನಮ್ಮ ಈಗಿನ ಯೋಜನೆಗಳು ಮರೆತದ್ದು ಇದನ್ನೇ. ಕೇಂದ್ರ ಸರ್ಕಾರ 2018ರಲ್ಲಿ ‘ಸತತ್’ ಯೋಜನೆ ತಂದು 5,000 ಸಂಕುಚಿತ ಜೈವಿಕ ಅನಿಲ ಘಟಕಗಳ ಗುರಿ ಇಟ್ಟುಕೊಂಡಿತು. ಗಡುವು ಮುಗಿದಾಗ ಆ ಸಂಖ್ಯೆಯ ಹತ್ತಿರವೂ ಸುಳಿದಿರಲಿಲ್ಲ. ಘಟಕಕ್ಕೆ ಸಬ್ಸಿಡಿ ಉಂಟು, ಗ್ಯಾಸಿಗೆ ಖರೀದಿದಾರರೂ ಉಂಟು. ಕಸ ಮಾತ್ರ ತಾನಾಗಿ ನಡೆದು ಬರುತ್ತದೆ ಎಂಬ ನಂಬಿಕೆ. ಕಬ್ಬಿನ ತರಗನ್ನೇ ನೋಡಿ. ಅದು ಬೇಡದ ವಸ್ತುವಾಗಿರುವುದು ಯಾರೂ ಕೇಳದಿರುವಷ್ಟು ದಿನ ಮಾತ್ರ. ಗದ್ದೆಯಲ್ಲಿ ಒಟ್ಟುಮಾಡಿ, ಕಟ್ಟಿ, ಟ್ರ್ಯಾಕ್ಟರಿಗೆ ಹೇರುವ ಹೊತ್ತಿಗೆ ಆಳಿನ ಕೂಲಿಯೂ ಡೀಸೆಲ್ಲೂ ಸೇರಿ ಅದಕ್ಕೊಂದು ಬೆಲೆ ಬಂದಿರುತ್ತದೆ. ಕೊಳ್ಳುವವರು ಆ ಬೆಲೆ ಕೊಡದಿದ್ದರೆ ರೈತ ಬೆಂಕಿಕಡ್ಡಿ ಗೀರುತ್ತಾನೆ, ಅದೇ ಅಗ್ಗ.

ಬೆಂಗಳೂರಿನಲ್ಲಿ ಒಮ್ಮೆ ಒಂದು ವಾರ್ಡಿನ ಜೈವಿಕ ಅನಿಲ ಘಟಕ ನೋಡಲು ಹೋಗಿದ್ದೆ. ಗೇಟಿಗೆ ಬೀಗ. ಒಳಗೆ ಕಸ ಸುರಿಯುವ ಕಟ್ಟೆಯ ಮೇಲೆ ಎಳನೀರು ಬುರುಡೆ, ಶಾಂಪೂ ಪೊಟ್ಟಣ, ಒಂದು ರಾಶಿ ಒಣಗಿದ ನಿಂಬೆ ಸಿಪ್ಪೆ. ಗ್ಯಾಸ್ ಹುಟ್ಟಿಸುವ ಡೈಜೆಸ್ಟರ್ ತೊಟ್ಟಿಯೊಳಗಿನ ಸೂಕ್ಷ್ಮಜೀವಿಗಳು ದನದ ಹೊಟ್ಟೆಯಲ್ಲಿರುವಂಥವೇ. ಪ್ಲಾಸ್ಟಿಕ್ ಅರಗಿಸಿಕೊಳ್ಳುವುದಿಲ್ಲ, ಹುಳಿ ಹೆಚ್ಚಾದರೆ ಮುಷ್ಕರ ಹೂಡುತ್ತವೆ. ಆಯ್ದು ಬೇರ್ಪಡಿಸಲು ದಿನಕ್ಕೆ ನಾಲ್ಕು ಜನರಾದರೂ ಬೇಕು. ಆ ನಾಲ್ವರ ಸಂಬಳ ಯಾರ ಟೆಂಡರಿನಲ್ಲೂ ಇರಲಿಲ್ಲವೆಂದು ಕಾವಲಿನವನೇ ಹೇಳಿದ.

ರಸ್ತೆಯಾಚೆಗೇ ಒಂದು ದರ್ಶಿನಿ. ಅಲ್ಲಿಂದ ಅನ್ನ, ಸಾಂಬಾರು, ತರಕಾರಿ ಸಿಪ್ಪೆ ಡ್ರಮ್ಮುಗಟ್ಟಲೆ ಬರುತ್ತಿತ್ತು. ಇದನ್ನು ಘಟಕಕ್ಕೆ ಕೊಡಬಹುದಿತ್ತಲ್ಲ ಎಂದು ಕ್ಯಾಷಿಯರನ್ನು ಕೇಳಿದೆ.

‘ಅವರು ಪುಕ್ಕಟೆ ಕೇಳ್ತಾರೆ ಸಾರ್. ಹಂದಿ ಸಾಕೋರು ಕಾಸು ಕೊಟ್ಟು, ಅವರದೇ ಡ್ರಮ್ ತಂದು ಒಯ್ತಾರೆ’ ಎಂದು ಆತ ಮುಂದಿನ ಟೋಕನ್ ಹರಿದ.